ಸಿಡಿಯದೆ ಉಳಿದ ತೋಟಾ

ಅಪ್ಪನಿಗೆ ನಮಸ್ಕಾರಗಳು.

ನಾವಿಲ್ಲಿ ಆರಾಮ. ಅಮ್ಮ ಕಳಿಸಿದ ಅಪ್ಪೆಮಿಡಿ ಮುಗಿಯುತ್ತಾ ಬಂತು, ಈಗ ಬರೀ ರಸ ಉಳಿದಿದೆ.

ಹೋದ ಭಾನುವಾರ ವೆಸ್ಟ್ ವರ್ಜೀನಿಯಾದ ಹಾರ್ಪರ್ಸ್ ಫೆರಿಗೆ ಹೋಗಿದ್ದೆವು. ಪೊಟೊಮ್ಯಾಕ್, ಶೆನಂಡೋವಾ ಎರಡೂ ಹೊಳೆ ಕೂಡುವ ಜಾಗ, ನಮ್ಮ ಕೂಡಲಿಯ ಹಾಗೆ. ಆದರೆ ನಿಮಗೆ ಬರೆಯಬೇಕು ಅನ್ನಿಸಿದ್ದು ಗಾಜಿನ ಪೆಟ್ಟಿಗೆಯಲ್ಲಿ ಕಂಡ ಒಂದು ತೋಟಾ ಬಗ್ಗೆ. ಕಿರುಬೆರಳಿನಷ್ಟು ದಪ್ಪ. ಹಿತ್ತಾಳೆಯದ್ದಲ್ಲ, ಕಾಗದದ್ದು! ಮುಂದೆ ಸೀಸದ ಗುಂಡು, ಹಿಂದೆ ಮದ್ದು ತುಂಬಿದ ಸುರುಳಿ. ಕಾಗದ ಒಣಗಿದ ಅಡಿಕೆ ಹಾಳೆಯ ಬಣ್ಣಕ್ಕೆ ತಿರುಗಿದೆ.

ಇದು ಜಾನ್ ಬ್ರೌನ್ ಕಡೆಯವರದ್ದು. ಗುಲಾಮಗಿರಿ ಮಾತಿನಿಂದ ಹೋಗುವುದಿಲ್ಲ ಅಂತ ನಂಬಿದ್ದ ಬಿಳಿಯ. 1859ರ ಅಕ್ಟೋಬರ್ 16ರ ರಾತ್ರಿ ಇಲ್ಲಿದ್ದ ಸರ್ಕಾರಿ ಬಂದೂಕು ಕಾರ್ಖಾನೆಗೆ ನುಗ್ಗಿದ. ಜೊತೆಗಾರರು ಬರೀ 21 ಜನ, ಅವರಲ್ಲೂ ಕೆಲವರು ಸಾಮಾನು ಕಾಯಲು ಹಿಂದೆ ಉಳಿದಿದ್ದರು. ಬಂದೂಕು ಮಾತ್ರ ಸುಮಾರು 200, ಶಾರ್ಪ್ಸ್ ಕಂಪನಿಯವು. ಗುಲಾಮರು ಎದ್ದು ಬಂದು ಸೇರಿಕೊಳ್ಳುತ್ತಾರೆ ಅನ್ನುವ ಲೆಕ್ಕ. ಬಂದೂಕು ಹಿಡಿದು ಗೊತ್ತಿಲ್ಲದವರಿಗೆ ಅಂತ ನೂರಾರು ಭರ್ಜಿಗಳನ್ನೂ ಮಾಡಿಸಿದ್ದ.

ಈ ಶಾರ್ಪ್ಸ್ ನಮ್ಮ ಕೇಪಿನ ಕೋವಿಯ ಹಾಗೆ ನಳಿಗೆ ಬಾಯಿಂದ ಮದ್ದು ಜಡಿಯುವಂಥದ್ದಲ್ಲ. ಹಿಂದಿನಿಂದ ತೋಟಾ ತುರುಕಿ, ಕೆಳಗಿನ ಹಿಡಿ ಎಳೆದು ಮುಚ್ಚಬೇಕು. ಮುಚ್ಚುವಾಗ ಒಳಗಿನ ಕಬ್ಬಿಣದ ಅಂಚು ಕಾಗದದ ಬಾಲವನ್ನು ಕತ್ತರಿಸುತ್ತದೆ, ಮದ್ದು ತೆರೆದುಕೊಳ್ಳುತ್ತದೆ. ಆಮೇಲೆ ಕೇಪು, ಅಂದರೆ ಬಡಿದರೆ ಕಿಡಿ ಹಾರಿಸುವ ಪುಟ್ಟ ಟೊಪ್ಪಿ, ಸಿಕ್ಕಿಸಿ ಈಡು. ನೀವು ಒಂದು ಈಡು ತುಂಬುವಷ್ಟರಲ್ಲಿ ಅವರು ನಾಲ್ಕೈದು ಹೊಡೆದಿರುತ್ತಿದ್ದರು, ಬೇಜಾರಾಗಬೇಡಿ.

ಆದರೆ ಯಾರೂ ಎದ್ದು ಬರಲಿಲ್ಲ ಅಂದರೂ ಆದೀತು. 18ರ ಬೆಳಗ್ಗೆ ಸೈನ್ಯ ಬಾಗಿಲು ಒಡೆದು ಬ್ರೌನನನ್ನು ಹಿಡಿಯಿತು, ಡಿಸೆಂಬರ್ 2ಕ್ಕೆ ಗಲ್ಲು. ಬಂದೂಕು, ತೋಟಾ ಎಲ್ಲ ಬಹುಪಾಲು ಹಾಗೇ ಸಿಕ್ಕಿಬಿದ್ದವು. ಇನ್ನೊಂದು ಸಂಗತಿ ನನಗೆ ಅರಗಲೇ ಇಲ್ಲ. ಬ್ರೌನ್ ಕಡೆಯವರ ಗುಂಡಿಗೆ ಮೊದಲು ಸತ್ತವನು ಹೇವರ್ಡ್ ಶೆಫರ್ಡ್ ಅಂತ, ರೈಲ್ವೆಯಲ್ಲಿ ಸಾಮಾನು ಹೊರುತ್ತಿದ್ದ ಸ್ವತಂತ್ರ ಕರಿಯ.

ಬ್ರೌನ್ ಕಡೆ ಮೊದಲು ಸತ್ತವನು ಡೇಂಜರ್‌ಫೀಲ್ಡ್ ನ್ಯೂಬಿ. ಅವನ ಹೆಂಡತಿ ಹ್ಯಾರಿಯೆಟ್, ಮಕ್ಕಳು ಇನ್ನೂ ಗುಲಾಮರಾಗಿದ್ದರು. ಬೇಗ ಬಂದು ಬಿಡಿಸಿಕೊಂಡು ಹೋಗು ಅಂತ ಅವಳು ಬರೆದ ಕಾಗದಗಳು ಅವನ ಹತ್ತಿರ ಸಿಕ್ಕವಂತೆ. ಅವನು ಹೋದ ಮೇಲೆ ಅವಳನ್ನು ದೂರದ ಲೂಸಿಯಾನಾಕ್ಕೆ ಮಾರಿದರು. ಗಾಜಿನೊಳಗೆ ಇಟ್ಟದ್ದು ತೋಟಾ, ನನಗೆ ಮಾತ್ರ ದಾರಿಯುದ್ದಕ್ಕೂ ಆ ಕಾಗದಗಳದ್ದೇ ಯೋಚನೆ.

ಚುನಾವಣೆಗೆ ಅಂತ ಠಾಣೆಯಲ್ಲಿ ಇಟ್ಟ ಕೋವಿ ವಾಪಸ್ ತಂದಿರಾ? ಮಂಗನ ಕಾಟ ಜಾಸ್ತಿ ಅಂತ ಅಮ್ಮ ಹೇಳುತ್ತಿದ್ದಳು.

ನಿಮ್ಮ ಮಗಳು