ಜೊತೆಗೆ ಕಲಿತವರಿಗೆ

ನಮ್ಮ ನಾಟಕ ಆಯಿತು. ಚೆನ್ನಾಗಿ ಆಯಿತು. ಫೋನ್ ಮಾಡಿದವರಿಗೆಲ್ಲ ಬಿಡಿಬಿಡಿಯಾಗಿ ಧನ್ಯವಾದ ಹೇಳಿದ್ದೇನೆ. ಆದರೆ ಹೇಳಬೇಕಾದದ್ದು ಇನ್ನೂ ಜಾಸ್ತಿ ಇದೆ, ಹೇಳಬೇಕಾದವರೂ ಜಾಸ್ತಿ ಜನ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಧಾರವಾಡದಲ್ಲಿ ಬ್ಯಾಂಕ್ ಕೆಲಸ. ಕಳೆದ ವರ್ಷ ಇಲ್ಲಿ ಶನಿವಾರ, ಭಾನುವಾರದ ರಂಗ ತರಬೇತಿ ಶುರುವಾದಾಗ ಸೇರಿಕೊಂಡೆ. ಕಣ್ಣು ಕಾಣದವರು, ಕಿವಿ ಕೇಳದವರು, ವೀಲ್‌ಚೇರ್ ಬಳಸುವವರು, ಡೌನ್ ಸಿಂಡ್ರೋಮ್ ಇರುವ ಒಬ್ಬ ತಮ್ಮ, ಯಾವ ಅಂಗವೈಕಲ್ಯವೂ ಇಲ್ಲದ ಕಾಲೇಜು ಹುಡುಗರು, ಮನೆ ಕೆಲಸ ಮುಗಿಸಿ ಬರುವ ಅಕ್ಕಂದಿರು, ಎಲ್ಲರೂ ಒಂದೇ ಕ್ಲಾಸಿನಲ್ಲಿ. ಎಲ್ಲರಿಗೂ ಒಂದೇ ಫೀಸು, ಒಂದೇ ಪಾಠ.

ಇದಕ್ಕೆ ಮೊದಲು ಬೇರೊಂದು ಕಡೆ ಕೇಳಿದ್ದೆ. "ನೀವು ಹಾಡು ಕಲೀರಿ, ನಾಟಕ ನಿಮಗ ಕಷ್ಟ ಆಗ್ತದ" ಎಂದು ವಾಪಸ್ ಕಳಿಸಿದರು. ದನಿ ಮೆತ್ತಗೇ ಇತ್ತು. ಆದರೂ ಮನೆಗೆ ಬಂದು ಅತ್ತಿದ್ದೇನೆ.

ಕಣ್ಣಿಲ್ಲದವರು ಎಂದರೆ ಹಾಡುವವರು ಅನ್ನುವ ರೂಢಿ ನಮ್ಮ ಕಡೆ ಗಟ್ಟಿಯಾಗಿದೆ. ಅದರ ಹಿಂದೆ ಹೆಮ್ಮೆಪಡುವಂಥ ಕಾರಣವೂ ಇದೆ: ಕಣ್ಣು ಕಾಣದ ಮಕ್ಕಳಿಗೆ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮ. ಅಲ್ಲಿ ಕಲಿಸಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ಶಿಷ್ಯ, ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಆದರೆ ಜನ ಮರೆಯುವ ಎರಡು ಸಂಗತಿಗಳಿವೆ. ಅವರ ಹತ್ತಿರ ಕಣ್ಣು ಕಾಣುವ ಮಕ್ಕಳೂ ಕೂತು ಕಲಿತರು. ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಪಂಡಿತ ವೆಂಕಟೇಶ ಕುಮಾರ್ ಅದೇ ಆಶ್ರಮದಲ್ಲಿ ಪುಟ್ಟರಾಜರ ಬಳಿ ಹನ್ನೆರಡು ವರ್ಷ ಕಲಿತವರು. ಇಬ್ಬರಿಗೂ ಕಣ್ಣು ಕಾಣುತ್ತಿತ್ತು, ಕಲಿಸಿದವರಿಗೆ ಕಾಣುತ್ತಿರಲಿಲ್ಲ. ಇನ್ನೊಂದು, ಆಶ್ರಮ ನಡೆಸಲು ಅವರು ನಾಟಕ ಕಂಪನಿಯನ್ನೂ ಕಟ್ಟಿದ್ದರು. ಪುಟ್ಟರಾಜರು ನಾಟಕಗಳನ್ನೂ ಬರೆದರು. ಅಂದಮೇಲೆ ನಾಟಕ ನಮಗೆ ಹೊರಗಿನದು ಹೇಗಾಗುತ್ತದೆ? ಮೊದಲ ನಮಸ್ಕಾರ ಗದಗಿನ ಆ ಹಿರಿಯರಿಗೆ.

ಎರಡನೆಯದು ನಮ್ಮ ಸರ್‌ಗೆ. ನಾನು ಫೋನ್ ಮಾಡಿ "ನನಗ ಕಣ್ಣು ಕಾಣಂಗಿಲ್ಲ, ಸೇರಿಸ್ಕೋತೀರೇನ್ರಿ?" ಎಂದು ಕೇಳಿದಾಗ ಅವರು ಹೇಳಿದ್ದಿಷ್ಟೇ: "ಬರ್ರಿ. ಹೆಂಗ ಮಾಡೂದು ಅಂತ ಕೂಡಿ ನೋಡೂಣು." ಅವರ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ಇದೆ ಎಂದು ನಟಿಸಲೂ ಇಲ್ಲ. ನನಗೆ ಧೈರ್ಯ ಬಂದಿದ್ದೇ ಅದರಿಂದ.

ಮೊದಲ ವಾರ "ಕೈ ಹಿಂಗ ಮಾಡ್ರಿ" ಅನ್ನುತ್ತಿದ್ದರು. ಆಮೇಲೆ "ಬಲಗೈ ಭುಜದ ಮಟ್ಟಕ್ಕ, ಅಂಗೈ ಮ್ಯಾಲೆ, ಮೊಣಕೈ ಸಡ್ಲ" ಎಂದು ಹೇಳತೊಡಗಿದರು. ನನಗಾಗಿ ಶುರುವಾದ ಮಾತು ಎಲ್ಲರ ಪಾಠವಾಯಿತು. ಮುಂಚೆ ಸುಮ್ನೆ ನೋಡಿ ನಕಲು ಮಾಡುತ್ತಿದ್ದೆವು, ಈಗ ಮೈ ಎಲ್ಲಿದೆ ಅಂತ ತಿಳಿಯುತ್ತದೆ ಎಂದು ಕಾಲೇಜು ಹುಡುಗರೇ ಹೇಳಿದರು. ಜಮಖಾನೆಯ ಕೆಳಗೆ ಹಗ್ಗ ಹಾಸಿ ಅಂಟಿಸಿ, ನನ್ನ ಕಾಲಿಗೆ ಸಿಗುವ ಹಾಗೆ ರಂಗದ ನಕ್ಷೆ ಮಾಡಿದ್ದೂ ಸರ್. ಅಂಚಿಗೆ ಒಂದು ಅಡಿ ಮೊದಲೇ ತೆಂಗಿನ ನಾರಿನ ಚಾಪೆ. ಅದು ಕಾಲಿಗೆ ಚುಚ್ಚಿತೆಂದರೆ ಅಲ್ಲೇ ನಿಲ್ಲಬೇಕು.

ಇನ್ನು ನನ್ನ ಅಣ್ಣನ ಪಾರ್ಟು ಮಾಡಿದ ಗೆಳೆಯನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು. ಅವನಿಗೆ ಕಿವಿ ಕೇಳುವುದಿಲ್ಲ, ಸನ್ನೆ ಭಾಷೆಯಲ್ಲಿ ಮಾತಾಡುತ್ತಾನೆ. ಅವನ ಸನ್ನೆ ನನಗೆ ಕಾಣುವುದಿಲ್ಲ, ನನ್ನ ಮಾತು ಅವನಿಗೆ ಕೇಳುವುದಿಲ್ಲ. ನಮ್ಮಿಬ್ಬರದೇ ಒಂದು ದೊಡ್ಡ ಜಗಳದ ದೃಶ್ಯ. ನಡುವೆ ಒಬ್ಬರನ್ನು ನಿಲ್ಲಿಸಿ ಮಾತು ದಾಟಿಸಿದರೆ ಜಗಳ ತಣ್ಣಗಾಗುತ್ತಿತ್ತು. ಕಡೆಗೆ ದಾರಿ ಹುಡುಕಿದ್ದು ಅವನೇ. ನೆಲದ ಮೇಲೆ ಮರದ ಹಲಗೆ ಹಾಕಿಸಿದ. ನಾನು ಹಿಮ್ಮಡಿಯಿಂದ ಎರಡು ಸಲ ಕುಟ್ಟಿದರೆ ಬರಿಗಾಲಿನಲ್ಲಿ ನಿಂತ ಅವನಿಗೆ ಅದರ ನಡುಕ ತಿಳಿಯುತ್ತದೆ, ತಿರುಗುತ್ತಾನೆ. ಅವನ ಉತ್ತರಕ್ಕೆ ನನ್ನ ಕೈಗಳನ್ನು ಅವನ ಕೈಗಳ ಮೇಲೆ ಇಡುತ್ತೇನೆ. ಅವನು ಸನ್ನೆ ಮಾಡುತ್ತಾನೆ, ನಾನು ಮುಟ್ಟಿ ಓದುತ್ತೇನೆ. ಕಣ್ಣೂ ಕಿವಿಯೂ ಇಲ್ಲದವರು ಈ ರೀತಿ ಮಾತಾಡುತ್ತಾರೆ. ನಾನು ಅದಕ್ಕಾಗಿ ಸನ್ನೆ ಕಲಿತೆ, ದಿನಾ ಸಂಜೆ ಅವನ ಜೊತೆ ಕೂತು. ಸಿಟ್ಟು ಬಂದಾಗ ಅವನು ಕೈ ಕಿತ್ತುಕೊಂಡರೆ ನನಗೆ ಇಡೀ ಲೋಕವೇ ಬಾಯಿ ಮುಚ್ಚಿದ ಹಾಗೆ. ಆ ಕ್ಷಣಕ್ಕೆ ನಾನು ನಟನೆ ಮಾಡಬೇಕಾಗಲೇ ಇಲ್ಲ. ಗೆಳೆಯಾ, ನಿನ್ನಂಥ ಜೊತೆಗಾರ ಸಿಕ್ಕಿದ್ದು ನನ್ನ ಪುಣ್ಯ.

ಕ್ಲಾಸಿನಲ್ಲಿ ಮಾತನ್ನು ಸನ್ನೆಗೆ, ಸನ್ನೆಯನ್ನು ಮಾತಿಗೆ ದಾಟಿಸುತ್ತಿದ್ದ ಸನ್ನೆ ಭಾಷೆಯ ಅಕ್ಕನಿಗೆ ಎಷ್ಟು ಹೇಳಿದರೂ ಕಡಿಮೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಇಬ್ಬರು ಬೇಕು, ಅರ್ಧ ಗಂಟೆಯೊಳಗೆ ಒಬ್ಬರಿಂದ ಇನ್ನೊಬ್ಬರಿಗೆ ಬದಲಾಗಬೇಕು. ಅಕ್ಕ ಒಬ್ಬರೇ ಇದ್ದರು. ರಂಗದ ಮೇಲೆ ದೀಪ ಆರಿದರೆ ಕಿವಿ ಕೇಳದ ನಟನಿಗೆ ಮಾತೇ ನಿಂತುಹೋಗುತ್ತದೆ ಎಂದು ತಿಳಿಸಿಕೊಟ್ಟವರೂ ಅವರೇ. ಅದಕ್ಕೇ ನಮ್ಮ ನಾಟಕದಲ್ಲಿ ಪೂರ್ತಿ ಕತ್ತಲೆಯ ದೃಶ್ಯ ಒಂದೂ ಇಲ್ಲ. ಲೈಟಿನ ಅಣ್ಣ ಮೊದಲು ಒಪ್ಪಲಿಲ್ಲ. ಆಮೇಲೆ ಎಲ್ಲ ದೀಪಗಳನ್ನೂ ಹೊಸದಾಗಿ ಜೋಡಿಸಿದರು. ಇಬ್ಬರಿಗೂ ಶರಣು.

ಸಭಾಂಗಣದ ಮ್ಯಾನೇಜರ್ ಕಾಕಾಗೂ ಥ್ಯಾಂಕ್ಸ್. ಅಲ್ಲಿನ ವೇದಿಕೆ ಎರಡೂವರೆ ಅಡಿ ಎತ್ತರ. ವೀಲ್‌ಚೇರ್ ಹತ್ತಲು ಒಂದಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಅಂದರೆ 30 ಅಡಿ, ಅಷ್ಟು ಜಾಗ ಅಲ್ಲಿಲ್ಲ. ನಾಲ್ಕು ಜನ ಸೇರಿ ವೀಲ್‌ಚೇರ್ ಎತ್ತಿ ಇಡುವುದು ಎಂಬ ಮಾತು ಬಂತು. ನಮ್ಮ ರಾಣಿ ಒಪ್ಪಲಿಲ್ಲ. "ರಾಣಿ ಪಾರ್ಟು ಮಾಡಾಕಿನ್ನ ಮೂಟಿ ಹೊತ್ತಂಗ ಹೊರಬ್ಯಾಡ್ರಿ" ಎಂದಳು. ನೂರಕ್ಕೆ ನೂರು ಸರಿ ಅಲ್ವಾ? ಕಾಕಾ ಒಂದು ರಾತ್ರಿ ಯೋಚಿಸಿ, ವೇದಿಕೆ ಖಾಲಿ ಬಿಟ್ಟು, ನೆಲದ ಮೇಲೆ ನಾಟಕ, ಮೂರು ಕಡೆ ಕುರ್ಚಿ ಎಂದು ತಾವೇ ಹೇಳಿದರು. ಜನ ಅಷ್ಟು ಹತ್ತಿರ ಕೂತಿದ್ದು ನನಗೆ ಒಳ್ಳೆಯದೇ ಆಯಿತು. ಯಾರ ಉಸಿರು ಎಲ್ಲಿ ಬಿಗಿಯಾಯಿತು ಅಂತ ಕೇಳಿಸುತ್ತಿತ್ತು.

ನಮ್ಮ ಕ್ಲಾಸಿನ ವಕೀಲರು ಒಂದು ಸಂಗತಿ ತೋರಿಸಿಕೊಟ್ಟರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಕಲಮಿನಲ್ಲಿ, ಕಲೆ ಮತ್ತು ಸಂಸ್ಕೃತಿಯ ಕೋರ್ಸುಗಳನ್ನು ಅಂಗವಿಕಲರೂ ಪಾಲ್ಗೊಳ್ಳುವ ಹಾಗೆ ಮರುರೂಪಿಸಬೇಕು ಎಂದಿದೆ. ಅವತ್ತಿನಿಂದ ನಾನು ಯಾರ ಬಳಿಯೂ ಅಳುಕುತ್ತಾ ಕೇಳಿಲ್ಲ. ಇಂಗ್ಲೆಂಡಿನ ಸೆಲೆಸ್ಟ್ ಡಾಂಡೆಕರ್ ಬಗ್ಗೆ ಹೇಳಿದವರೂ ಅವರೇ. ಕುಣಿಯುವಾಗ ವೇದಿಕೆಯ ಮೇಲೆ ಬಿದ್ದು ಪೆಟ್ಟಾಗಿ ವೀಲ್‌ಚೇರ್ ಹಿಡಿದ ನರ್ತಕಿ ಆಕೆ. 1991ರಲ್ಲಿ ಆಡಂ ಬೆಂಜಮಿನ್ ಜೊತೆ ಕ್ಯಾಂಡೋಕೊ ತಂಡ ಕಟ್ಟಿದರು. ಅದರಲ್ಲಿ ಅಂಗವಿಕಲರೂ ಉಳಿದವರೂ ಕೂಡಿ ಕುಣಿದರು.

ಇನ್ನು ಯಾವ ಅಂಗವೈಕಲ್ಯವೂ ಇಲ್ಲದ ನನ್ನ ಸಹಪಾಠಿಗಳಿಗೆ. ನಿಮಗೆ ಹೇಳಬೇಕೆಂದೇ ಇಷ್ಟೆಲ್ಲ ಬರೆದೆ. ಸಹಾಯ ಮಾಡುವವರು ನನಗೆ ಜೀವನದಲ್ಲಿ ಬೇಕಾದಷ್ಟು ಜನ ಸಿಕ್ಕಿದ್ದಾರೆ, ಅವರ ಋಣ ದೊಡ್ಡದು. ನನ್ನ ಪಕ್ಕದಲ್ಲಿ ನಿಂತು ನನ್ನಷ್ಟೇ ತಡವರಿಸಿ, ನನ್ನಷ್ಟೇ ಬೈಸಿಕೊಂಡು ಕಲಿತವರು ನೀವೇ ಮೊದಲು. ನನ್ನ ಮಾತು ತಪ್ಪಾದಾಗ "ಪಾಪ, ಇರಲಿ ಬಿಡ್ರಿ" ಅನ್ನಲಿಲ್ಲ. "ಇನ್ನೊಮ್ಮೆ ಮಾಡೂಣು" ಅಂದಿರಿ. ನಮ್ಮ ತಮ್ಮನ ಮಾತು ನಿಧಾನ. ಅವನ ಮಾತನ್ನು ನೀವು ಯಾರೂ ಮುಗಿಸಿಕೊಡಲಿಲ್ಲ, ಕಾದಿರಿ. ಪ್ರದರ್ಶನದ ದಿನ ಇಡೀ ಸಭಾಂಗಣವೇ ಅವನಿಗಾಗಿ ಕಾಯಿತು. ಕಾಯುವುದನ್ನು ಜನರಿಗೆ ಕಲಿಸಿದವರು ನೀವು. ಮುಖ್ಯ ಪಾರ್ಟು ಅವನಿಗೆ ಸಿಕ್ಕಾಗ ನಿಮ್ಮಲ್ಲಿ ಒಬ್ಬರಿಗೆ ಬೇಸರವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ನನಗೆ ಅದು ಖುಷಿಯಾಯಿತು. ಅವನನ್ನು ಎದುರಾಳಿ ಎಂದು ಎಣಿಸಿದಿರಿ, ಅದು ದೊಡ್ಡ ಮರ್ಯಾದೆ.

ಶನಿವಾರ ಬೇಗ ಬಿಡುತ್ತಿದ್ದ ಬ್ಯಾಂಕಿನ ಮ್ಯಾನೇಜರ್ ಸಾಹೇಬರಿಗೆ, ಊಟದ ಡಬ್ಬಿ ಕಟ್ಟಿಕೊಟ್ಟ ವೈನಿಗೆ, ತಬಲಾ ನುಡಿಸಿದ ಅಜ್ಜಾರಿಗೆ, ಟಿಕೆಟ್ ಕೊಂಡು ಬಂದ ಎಲ್ಲರಿಗೂ ನಮಸ್ಕಾರ.

ಹೊಸ ಬ್ಯಾಚು ಜೂನಿನಲ್ಲಿ ಶುರು. ನಾನು ಈ ಸಲವೂ ಸೇರುತ್ತಿದ್ದೇನೆ, ಸರ್ ಜೊತೆ ಹೊಸಬರಿಗೆ ಪಾಠ ಹೇಳಲು. ಟಿಕೆಟಿನ ದುಡ್ಡಿನಲ್ಲಿ ಉಳಿದದ್ದು ಸನ್ನೆ ಭಾಷೆಗೆ ಇನ್ನೊಬ್ಬರನ್ನು ಕರೆಸಲು ಹೋಗುತ್ತದೆ. ಇನ್ನು ಅಕ್ಕ ಒಬ್ಬರೇ ಇರುವುದಿಲ್ಲ.