ಐವತ್ತನೇ ಶೋ ಆಯ್ತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಮೊನ್ನೆ ಭಾನುವಾರ ನಮ್ಮ ನಾಟಕದ ಐವತ್ತನೇ ಶೋ ಮುಗಿಯಿತು. ಬಂದವರಿಗೆ, ಬರಲಾಗದಿದ್ದರೂ ಟಿಕೆಟ್ ಕೊಂಡವರಿಗೆ, ಆಫೀಸಿನಿಂದ ಓಡಿಬಂದು ಲ್ಯಾಪ್‌ಟಾಪ್ ಬ್ಯಾಗ್ ಮೂಲೆಗೆ ಒಗೆದು ರಿಹರ್ಸಲ್‌ಗೆ ನಿಲ್ಲುತ್ತಿದ್ದ ತಂಡದವರಿಗೆ, ಟೀ ಲೆಕ್ಕ ಇನ್ನೂ ಕೇಳದ ಕ್ಯಾಂಟೀನಿನವರಿಗೆ, ಮನೆಯವರಿಗೆ ಥ್ಯಾಂಕ್ಸ್. ಹೆಸರು ಹಿಡಿದು ಬರೆದರೆ ಯಾರೋ ಒಬ್ಬರು ಬಿಟ್ಟುಹೋಗ್ತಾರೆ, ಆಮೇಲೆ ಜಗಳ.

ಒಬ್ಬರ ಬಗ್ಗೆ ಮಾತ್ರ ಉದ್ದ ಬರೆಯಬೇಕು. ನಮ್ಮ ಲೈಟಿಂಗ್ ಅಣ್ಣ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಸುರಿದ ಮಳೆ ನಿಮಗೆಲ್ಲ ನೆನಪಿದೆ. ನಮ್ಮ ಸೆಟ್ಟು, ಬಟ್ಟೆ ಇಟ್ಟಿದ್ದ ಬೇಸ್‌ಮೆಂಟ್‌ಗೂ ನೀರು ನುಗ್ಗಿತ್ತು. ಮಾರನೇ ದಿನ ಶೋ ಇತ್ತು. ಐದು ಜನಕ್ಕೆ ಫೋನ್ ಮಾಡಿದೆ. ರಾತ್ರಿ ಹನ್ನೊಂದೂವರೆಗೆ ಟಿವಿಎಸ್‌ನಲ್ಲಿ ನೆನೆದುಕೊಂಡು ಬಂದವರು ಅಣ್ಣ ಒಬ್ಬರೇ.

ಏನೂ ಕೇಳಲಿಲ್ಲ. ಟ್ರಂಕಿಗೆ ಕೈ ಹಾಕಿದರು. ಇಬ್ಬರೂ ಸೇರಿ ಮೊದಲನೇ ಮಹಡಿಗೆ ಹೊತ್ತೆವು. ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿ, ಎದುರಿಗೆ ಸ್ಟೇಜಿಗೆ ಬಳಸೋ ಸಾವಿರ ವ್ಯಾಟಿನ ಎರಡು ಪಾರ್ ಲೈಟು ನಿಲ್ಲಿಸಿದರು. 'ಮೂರನೇದು ಹಾಕಿದ್ರೆ ಓನರ್ ಮನೆ ಫ್ಯೂಸ್ ಹೋಗತ್ತೆ' ಅಂದರು. ಒಂದು ಲೈಟಿಗೆ ಹಳದಿ ಜೆಲ್, ಅಂದರೆ ಬಣ್ಣದ ಹಾಳೆ, ಹಾಗೇ ಉಳಿದಿತ್ತು. ರಾಜನ ಅಂಗಿ ಆವಿಯಾಡುತ್ತಾ ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಹತ್ತು ನಿಮಿಷಕ್ಕೊಮ್ಮೆ ರೊಟ್ಟಿ ತಿರುವಿದ ಹಾಗೆ ತಿರುವಬೇಕು.

ಮೂರು ಗಂಟೆ ಹೊತ್ತಿಗೆ ನನಗೆ ತಡೆಯಲಿಲ್ಲ. 'ಇದನ್ನೆಲ್ಲ ಮಾರಿಬಿಡೋಣ ಅಣ್ಣ, ಈ ಊರಲ್ಲಿ ಯಾರಿಗೆ ಬೇಕು ನಾಟಕ' ಅಂತ ಅತ್ತುಬಿಟ್ಟೆ. ಲಾಕ್‌ಡೌನ್ ಮುಗಿದ ಮೇಲೂ ಅರ್ಧ ಖಾಲಿ ಕುರ್ಚಿಗಳನ್ನೇ ನೋಡಿ ನೋಡಿ ಒಳಗೇ ಸೇರಿಕೊಂಡಿದ್ದ ಅಳು ಅದು. ಅಣ್ಣ ಸಮಾಧಾನ ಮಾಡಲಿಲ್ಲ. 1972ರಲ್ಲಿ ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ಮೂರು ನಾಟಕ ಆಡಿಸಿದ್ದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು ಹೇಳಿದರು. 'ಆಗ್ಲೂ ಸಿನಿಮಾ ಬಂತು, ನಾಟಕ ಮುಗೀತು ಅಂತಿದ್ರು ಕಣಯ್ಯ. ಅಂಗಿ ತಿರುಗಿಸು, ಸುಡ್ತಿದೆ.'

ಅಣ್ಣನ ಮಾತು ಪೂರ್ತಿ ಸರಿ ಅಂತ ನನಗೆ ಅನಿಸಲ್ಲ. ಆಗ ಊರಿನ ಜಗಳವೆಲ್ಲ ರಂಗದ ಮೇಲೆ ಬರುತ್ತಿತ್ತು. ಈಗ ನಾವು ನಾಟಕ ಬರೆಯೋ ಹೊತ್ತಿಗೆ ಆ ಜಗಳ ಫೋನಿನಲ್ಲೇ ಮುಗಿದು ಹಳತಾಗಿರುತ್ತೆ. ಆದರೂ ಜನ ಬರುತ್ತಾರೆ, ಬೇರೆ ಯಾವುದಕ್ಕೋ. ಮೂವತ್ತನೇ ಶೋಗೆ ವೈಟ್‌ಫೀಲ್ಡಿನಿಂದ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆತಂದಿದ್ದರು. ನಾಟಕದ ನಡುವೆ ಆ ಮಗು ಜೋರಾಗಿ, 'ಅಜ್ಜೀ, ಹಜಾರ ಅಂದ್ರೆ ಏನು?' ಅಂತು. ಮೊದಲಾಗಿದ್ದರೆ ಸಿಟ್ಟು ಬರುತ್ತಿತ್ತು. ಈಗ ಆ ಡೈಲಾಗ್ ಬಂದಾಗಲೆಲ್ಲ ಯಾರಾದರೂ ಕೇಳಲಿ ಅಂತ ವಿಂಗ್‌ನಲ್ಲಿ ನಿಂತು ಕಾಯ್ತೀನಿ.

ಇನ್ನೊಂದು. 2004ರಲ್ಲಿ ಶುರುವಾದ ರಂಗಶಂಕರ ನಾಟಕ ಮಂದಿರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡಲ್ಲ ಅಲ್ವಾ. ಮದುವೆ ಊಟಕ್ಕೂ ತಡವಾಗಿ ಹೋಗೋ ನಮ್ಮ ಊರಲ್ಲಿ, ಜನ ಆ ಟ್ರಾಫಿಕ್ ದಾಟಿ ನಾಟಕ ಶುರುವಾಗೋ ಮೂರನೇ ಬೆಲ್ಲಿಗೆ ಮೊದಲೇ ಬಂದು ಕೂರುತ್ತಾರೆ. ನನಗದು ಸಣ್ಣ ಸಂಗತಿ ಅನಿಸಲ್ಲ.

ಭಾನುವಾರ ಕೊನೆಗೆ ಅಣ್ಣನನ್ನು ಸ್ಟೇಜಿಗೆ ಕರೆದೆವು. ಕೇಬಲ್ ಸುತ್ತಬೇಕು ಅಂತ ಬರಲಿಲ್ಲ. ರಾಜನ ಅಂಗಿಯ ಎಡ ಭುಜದಲ್ಲಿ ಆ ರಾತ್ರಿಯ ಸುಟ್ಟ ಕಲೆ ಇನ್ನೂ ಇದೆ. ಈಗಲಾದರೂ ಹೊಸದು ಹೊಲಿಸೋಣ ಅಂದೆ.

'ಸುಮ್ನೆ ದುಡ್ಡು ದಂಡ. ಆ ಕಡೆ ನಾನು ಲೈಟ್ ಬಿಡಲ್ಲ, ಬಿಡು' ಅಂದರು.