ಪಟ್ಟದ ಗೊಂಬೆಯ ಮುಂದೆ ತರಬೇತಿ

ಮಾನ್ಯರೇ,

ಮೈಸೂರಿನಲ್ಲಿ ಶುಶ್ರೂಷಾಧಿಕಾರಿಗಳ ಸಿಮ್ಯುಲೇಷನ್ ತರಬೇತಿ (ರೋಗಿಯ ಬದಲು ಗೊಂಬೆಯ ಮೇಲೆ ಕೈ ಪಳಗಿಸುವ ಅಭ್ಯಾಸ) ‘ಯಶಸ್ವಿ’ಯಾಯಿತೆಂಬ ವರದಿಯನ್ನೂ, ದೀಪ ಬೆಳಗುತ್ತಿರುವ ಗಣ್ಯರ ಚಿತ್ರವನ್ನೂ ತಮ್ಮ ಪತ್ರಿಕೆಯಲ್ಲಿ ನೋಡಿದೆ. ಆ ಚಿತ್ರದ ಹಿಂಬದಿಯಲ್ಲಿ ಪ್ಲಾಸ್ಟಿಕ್ ಹೊದ್ದು ಮಲಗಿರುವುದೇ ನಾವು ಕಲಿಯಬೇಕಿದ್ದ ಗೊಂಬೆ. ಸಂಜೆ ನಾವು ಹೊರಡುವವರೆಗೂ ಆ ಹೊದಿಕೆಯನ್ನು ಯಾರೂ ಸರಿಸಲಿಲ್ಲ.

ರಾತ್ರಿ ಪಾಳಿ ಮುಗಿಸಿ, ಮಂಡ್ಯದಿಂದ ಬಸ್ಸಿನಲ್ಲಿ ನಿಂತೇ ಬಂದು (ಶಕ್ತಿ ಯೋಜನೆಯ ಕೃಪೆಯಿಂದ ಟಿಕೆಟ್ಟಿಗೆ ದುಡ್ಡೂ ಬೇಡ, ಕಾಲೂರಲು ಜಾಗವೂ ಇಲ್ಲ), ಆಟೊದವರು ಕೇಳಿದಷ್ಟು ಕೊಟ್ಟು 10 ಗಂಟೆಗೆ ತಲುಪಿದರೆ, ಮುಖ್ಯ ಅತಿಥಿಗಳು 12ಕ್ಕೆ ಆಗಮಿಸಿದರು. ಪೇಟ, ಶಾಲು, ಭಾಷಣಗಳು ಮುಗಿದು ಊಟವಾದ ಮೇಲೆ, ಹೃದಯಸ್ತಂಭನವಾದ ವಯಸ್ಕರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಬೇಕೆಂದು ಪರದೆಯ ಮೇಲಿದ್ದುದನ್ನು ತರಬೇತುದಾರರು ಓದಿ ಹೇಳಿದರು. ಆ ಆಳ ಕೈಗೆ ತಿಳಿಯಬೇಕಾದದ್ದು. ಒಮ್ಮೆ ಒತ್ತಿ ನೋಡುತ್ತೇವೆಂದು ಕೇಳಿದ್ದಕ್ಕೆ, ‘ಸ್ಟಾಕ್ ರಿಜಿಸ್ಟರಿನಲ್ಲಿರುವ ಮಾಲು, ಕೆಟ್ಟರೆ ನೀವು ಕಟ್ಟಿಕೊಡುತ್ತೀರಾ?’ ಎಂಬ ಉತ್ತರ ಬಂತು. ನವರಾತ್ರಿಯ ಪಟ್ಟದ ಗೊಂಬೆಯನ್ನಾದರೂ ಮನೆಯವರು ವರ್ಷಕ್ಕೊಮ್ಮೆ ಮುಟ್ಟಿ ಒರೆಸುತ್ತಾರೆ.

ಅಂದು ಕಲಿತದ್ದು ಕಾರಿಡಾರಿನಲ್ಲಿ. ಚಹಾದ ವೇಳೆಯಲ್ಲಿ ನಮ್ಮ ಹಿರಿಯ ಸಿಸ್ಟರ್ ಒಬ್ಬರು ಕುರ್ಚಿಯ ದಿಂಬನ್ನು ನೆಲಕ್ಕೆ ಹಾಕಿ, ಹೊಸದಾಗಿ ಸೇರಿದ ಹುಡುಗಿಯ ಕೈ ಹಿಡಿದು, ‘ಮೊಣಕೈ ಮಡಿಸಬೇಡ ಕಣಮ್ಮ, ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡು’ ಎಂದು ತೋರಿಸಿದರು. ಆಮೇಲೆ ಯಾರ ಕೈ ಎಲ್ಲಿ ತಪ್ಪಿತೆಂದು ನಾವೇ ಕೂತು ಮಾತಾಡಿಕೊಂಡೆವು. ಸಿಮ್ಯುಲೇಷನ್ನಿನ ಜೀವಾಳವೇ ಆ ಮಾತುಕತೆ. ಹತ್ತು ನಿಮಿಷವೂ ಆಗಿರಲಿಲ್ಲ, ಗುಂಪುಗೂಡಬೇಡಿ ಎಂದು ನಮ್ಮನ್ನು ಒಳಗೆ ಅಟ್ಟಲಾಯಿತು.

ನಮ್ಮ ನರ್ಸಿಂಗ್ ನೋಂದಣಿಯ ನವೀಕರಣಕ್ಕೆ 5 ವರ್ಷಗಳಲ್ಲಿ 150 ಗಂಟೆಗಳ ಮುಂದುವರಿದ ಶಿಕ್ಷಣ ಬೇಕೆಂಬ ನಿಯಮವನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಇಂಥ ತರಬೇತಿ ಏರ್ಪಡಿಸಿ ಈ ಗಂಟೆಗಳನ್ನು ಭರ್ತಿ ಮಾಡುತ್ತಿರುವ ಕಚೇರಿಯೇ, ಹಿಂದೆ ನವಜಾತ ಶಿಶು ಆರೈಕೆಯ ತರಬೇತಿಗೆ ಹಿಂದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಆದೇಶ ಕಳಿಸಿ, ಅದರ ಪ್ರಯಾಣ ಭತ್ಯೆಯ ಬಿಲ್ಲನ್ನು ಇಂದಿಗೂ ಮೇಜಿನಿಂದ ಮೇಜಿಗೆ ಓಡಾಡಿಸುತ್ತಿದೆ. ಸ್ಟಾಫ್ ನರ್ಸ್ ಹೋಗಿ ಶುಶ್ರೂಷಾಧಿಕಾರಿ ಎಂಬ ಹೆಸರು ಬಂತು. ಗೊಂಬೆಯ ಹೊದಿಕೆ ಸರಿಸುವಷ್ಟು ಅಧಿಕಾರವೂ ಜೊತೆಗೆ ಬರಲಿಲ್ಲ.

ಸಂಬಂಧಪಟ್ಟವರು ಗೊಂಬೆಯನ್ನು ನಮ್ಮ ಕೈಗೆ ಕೊಡಲಿ, ಇಲ್ಲವೇ ವಾರ್ಡಿನಲ್ಲಿ ಹಿರಿಯರಿಂದ ಕಿರಿಯರು ಕಲಿಯುವ ಹೊತ್ತನ್ನೇ ಗಂಟೆಗಳ ಲೆಕ್ಕಕ್ಕೆ ಹಿಡಿಯಲಿ. ಎರಡೂ ಆಗದಿದ್ದರೆ ಮುಂದಿನ ಸಲ ಪೇಟ ಶಾಲುಗಳನ್ನು ಗೊಂಬೆಗೇ ತೊಡಿಸಿ ಫೋಟೊ ತೆಗೆಸಿಕೊಂಡು, ರಾತ್ರಿ ಪಾಳಿ ಮುಗಿಸಿದವರನ್ನು ಮನೆಯಲ್ಲಿ ಮಲಗಲು ಬಿಡಲಿ.

– ಓರ್ವ ಶುಶ್ರೂಷಾಧಿಕಾರಿ, ಮಂಡ್ಯ